ಪಂಚಮಿಯ ದಿನ ಮೋಟ್ಯಾ ಕೆದರಿದ ನೆಲ

ನಾನು ಚಿಕ್ಕವಳಿದ್ದಾಗ ನಮ್ಮ ಬೇವೂರಿನಲ್ಲಿ ನಾಯಿಗಳಿಗೇನೂ ಬರವಿರಲಿಲ್ಲ. ಆದರೆ ಅವೆಲ್ಲ ಊರ ನಾಯಿಗಳು. ಯಾರು ರೊಟ್ಟಿ ಹಾಕಿದರೆ ಅವರ ಮುಂದೆ ಬಾಲ ಅಲ್ಲಾಡಿಸುತ್ತಿದ್ದವು. ನಮ್ಮ ಮನೆಗೆಂದೇ ಬಂದ ನಾಯಿಗೆ ಮಾತ್ರ ಅಲ್ಲಾಡಿಸಲು ಸರಿಯಾದ ಬಾಲವೇ ಇರಲಿಲ್ಲ.

ಅದನ್ನು ತಂದವನು ನನ್ನ ಸೋದರಮಾವ. ಅವನಿಗೆ ಕೊಪ್ಪಳದ ರೈಲ್ವೆ ಸ್ಟೇಷನ್ನಿನಲ್ಲಿ ನೌಕರಿ. ಅಲ್ಲಿದ್ದ ಬಿಳಿ ಸಾಹೇಬನೊಬ್ಬ ತನ್ನ ದೇಶಕ್ಕೆ ಹೊರಡುವಾಗ ನಾಯಿಯನ್ನು ಮಾವನಿಗೆ ಕೊಟ್ಟು ಹೋದನಂತೆ. ಮಾವ ಅದನ್ನು ಬುಟ್ಟಿಯಲ್ಲಿ ಕೂರಿಸಿ ಬಂಡಿಯಲ್ಲಿ ತಂದ. ಸುಣ್ಣದಂಥ ಬಿಳಿ ಮೈ, ಒಂದು ಕಣ್ಣಿನ ಸುತ್ತ ಬೆಲ್ಲದ ಬಣ್ಣದ ಮಚ್ಚೆ, ಮಡಚಿಕೊಂಡ ಕಿವಿ, ಹೆಬ್ಬೆರಳಿನಷ್ಟು ಬಾಲ. "ಇದು ಟೆರಿಯರ್ ಜಾತಿ. ಇನ್ನ ದೊಡ್ಡದಾಗಂಗಿಲ್ಲ, ಇಷ್ಟ" ಅಂದ ಮಾವ. ಅಜ್ಜಿ ಅದನ್ನು ಹಿಂದಿನಿಂದ ಒಮ್ಮೆ ನೋಡಿ, ಮೋಟ್ಯಾ ಎಂದು ಹೆಸರಿಟ್ಟಳು.

ಸಾಹೇಬನ ಮನೆಯ ಬಿಸ್ಕೀಟು ತಿಂದು ಬೆಳೆದ ಮೋಟ್ಯಾ ಮೊದಮೊದಲು ಜೋಳದ ರೊಟ್ಟಿಯನ್ನು ಮೂಸಿ ಮುಖ ತಿರುಗಿಸುತ್ತಿದ್ದ. ಹೊಟ್ಟೆ ಹಸಿದಾಗ ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿಯೂ ರುಚಿಸಿತು. ಅವನು ಒಂದು ಕಡೆ ಕೂರುವ ಜೀವವೇ ಅಲ್ಲ. ಹುಂಜದ ಜೊತೆ ಜಗಳ, ಎತ್ತಿನ ಗಂಟೆಯ ಜೊತೆ ಜಗಳ, ಅವ್ವ ಮೆಣಸಿನಕಾಯಿ ಕುಟ್ಟಿದರೆ ಸಾಲಾಗಿ ಸೀನು. ದಣಿದಾಗ ಮಾತ್ರ ನನ್ನ ತೊಡೆ ಬೇಕು. ಅವನ ಬೆಚ್ಚಗಿನ ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ನಾನು ಊಟವನ್ನೇ ಮರೆಯುತ್ತಿದ್ದೆ.

ಅವನಿಗೊಂದು ಚಾಳಿಯಿತ್ತು. ನೆಲ ಕೆದರುವುದು, ಅದೂ ಹಗೇವಿನ ಪಕ್ಕದಲ್ಲೇ. ಹಗೇವು ಅಂದರೆ ಅಂಗಳದಲ್ಲಿ ಆಳವಾಗಿ ತೋಡಿದ ಕಾಳಿನ ಗುಂಡಿ. ಸುಗ್ಗಿ ಮುಗಿದ ಮೇಲೆ ವರ್ಷದ ಜೋಳವನ್ನೆಲ್ಲ ಅದರಲ್ಲಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಮೋಟ್ಯಾ ಕೆದರಿದ ಜಾಗವನ್ನು ಅಜ್ಜಿ ಸಗಣಿಯಿಂದ ಸಾರಿಸುವಳು, ಅವನು ಮತ್ತೆ ಕೆದರುವನು. ಇಬ್ಬರೂ ಸೋಲುವವರಲ್ಲ.

ಹೀಗಿರುವಾಗ ನಾಗರಪಂಚಮಿ ಬಂತು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮನೆಯೆಲ್ಲ ಶೇಂಗಾ ಉಂಡಿಯ, ಹುರಿದ ಎಳ್ಳಿನ ವಾಸನೆ. ಹಬ್ಬಕ್ಕೆ ಮಾವನೂ ಬಂದಿದ್ದ. ಆ ದಿನ ನಮ್ಮಲ್ಲಿ ಯಾರೂ ನೆಲ ಅಗೆಯುವುದಿಲ್ಲ. ಮಣ್ಣಿನೊಳಗಿನ ನಾಗಪ್ಪನಿಗೆ ನೋವಾಗುತ್ತದೆ ಎಂಬ ನಂಬಿಕೆ. ಅಜ್ಜಿ ಮಡಿಯುಟ್ಟು ಹಾಲೆರೆಯಲು ಹೊರಗೆ ಬಂದರೆ, ಮೋಟ್ಯಾ ಭುಜದವರೆಗೆ ಮಣ್ಣಲ್ಲಿ ಇಳಿದಿದ್ದಾನೆ.

ಅಜ್ಜಿಯ ಮುಖ ಕಪ್ಪಿಟ್ಟಿತು. "ನಾಗಪ್ಪನ ಹಬ್ಬದ ದಿನಾನ ನೆಲ ಕೆದರತೈತಿ. ಇದು ಮನಿಗೆ ಛಲೋ ಅಲ್ಲ. ತಮ್ಮಾ, ಇದನ್ನ ಈಗಿಂದೀಗ ಹೊಳ್ಳಿ ಒಯ್ದುಬಿಡು."

ಮಾವ ಅಪ್ಪನ ಮುಖ ನೋಡಿದ. ಅಪ್ಪ ತಲೆ ತಗ್ಗಿಸಿದ. ಅಜ್ಜಿಯ ಮಾತಿಗೆ ನಮ್ಮ ಮನೆಯಲ್ಲಿ ಎರಡನೇ ಮಾತಿರಲಿಲ್ಲ. "ಆತ್ ಬಿಡ್ರಿ ಅತ್ತಿ" ಎಂದು ಮಾವ ಬಂಡಿ ಹೂಡಿದ. ಜೋಕಾಲಿಯಲ್ಲಿದ್ದ ಅಕ್ಕ ಇಳಿದು ಬಂದಳು. ನಾನು ಮೋಟ್ಯಾನನ್ನು ಎದೆಗವಚಿಕೊಂಡು ಬಂಡಿ ಹತ್ತಿ ಕುಳಿತೆ. ಅವನು ಹೋದರೆ ನಾನೂ ಹೋಗುವುದೇ ಎಂದು ನಿಶ್ಚಯಿಸಿದ್ದೆ.

ಎತ್ತು ಹೆಜ್ಜೆ ಹಾಕುವುದರೊಳಗೆ ಮೋಟ್ಯಾನ ಮೈ ಬಿಗಿಯಿತು. ನನ್ನ ಕೈಯಿಂದ ಜಾರಿ ಕೆಳಗೆ ಹಾರಿದವನು ನೇರ ಅದೇ ಗುಂಡಿಗೆ ಓಡಿದ. ಮಣ್ಣು ಹಿಂದಕ್ಕೆ ಚಿಮ್ಮಿತು. ಒಳಗಿನಿಂದ ಕಿಚ್ ಎಂಬ ಸದ್ದು. ಅವನು ಹೊರಬಂದಾಗ ಬಾಯಲ್ಲಿ ಒಂದು ದಪ್ಪ ಹೆಗ್ಗಣ. ಅದನ್ನು ಒಮ್ಮೆ ಝಾಡಿಸಿ, ಮಡಿಯಲ್ಲಿದ್ದ ಅಜ್ಜಿಯ ಕಾಲ ಬಳಿಯೇ ತಂದಿಟ್ಟು, ಶಾಭಾಸ್ ಅನ್ನಿ ಎಂಬಂತೆ ನಿಂತ.

ಅಪ್ಪ ಬಗ್ಗಿ ಮಣ್ಣು ಮುಟ್ಟಿದ. ಅವನ ಅಂಗೈಯಲ್ಲಿ ಬಿಳಿಜೋಳದ ಕಾಳುಗಳಿದ್ದವು.

"ಯವ್ವಾ, ಹಗೇವಿಗೆ ಹೆಗ್ಗಣ ಬಿದ್ದಾವ. ಈಗ ತೆಗೀಲಿಲ್ಲಂದ್ರ ವರ್ಷದ ಜ್ವಾಳ ಹೋಗತೈತಿ."

"ಇವತ್ತ ನೆಲ ಅಗಿಯಂಗಿಲ್ಲ" ಅಂದಳು ಅಜ್ಜಿ. ದನಿ ಮಾತ್ರ ಮೆತ್ತಗಾಗಿತ್ತು.

"ಅಗದಾಂವ ಮೋಟ್ಯಾ. ನಾವು ಕಲ್ಲು ಅಷ್ಟ ಸರಸ್ತೀವಿ."

ಅಜ್ಜಿ ಯೋಚಿಸಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಚಪ್ಪಡಿ ಸರಿಸಿದಾಗ ಬಿಸಿಯಾದ ಹುಳಿ ವಾಸನೆ ಮೇಲೆದ್ದಿತು. ಹಗೇವು ತೆರೆದ ಕೂಡಲೇ ಇಳಿದರೆ ಉಸಿರುಗಟ್ಟುತ್ತದೆ. ಮಕ್ಕಳನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರಲಿಲ್ಲವೆಂದು ನೋಡಿಕೊಂಡೇ ಅಪ್ಪ ಇಳಿದ. ಒಂದು ಮಗ್ಗುಲಿನ ಕಾಳು ಕೆಟ್ಟಿತ್ತು, ಉಳಿದದ್ದು ಚೆನ್ನಾಗಿತ್ತು. ಓಣಿಯವರು ಜೋಕಾಲಿ ಬಿಟ್ಟು ಬಂದು ಬುಟ್ಟಿ ಸಾಗಿಸಿದರು. ಕೆಳಗಿನಿಂದ ಓಡಿಬಂದ ಹೆಗ್ಗಣಗಳಲ್ಲಿ ಮೋಟ್ಯಾ ಒಂದನ್ನೂ ಬಿಡಲಿಲ್ಲ. ನಾನು ಕುಣಿದು ಕುಣಿದು ಗಂಟಲು ಕಟ್ಟಿಸಿಕೊಂಡೆ.

ಸಂಜೆ ಮಾವ ಹೊರಟಾಗ ಅಜ್ಜಿ ಅವನ ಕೈಗೆ ಉಂಡಿಯ ಗಂಟು ಕೊಟ್ಟು, "ಬುಟ್ಟಿ ಖಾಲೀನ ಒಯ್ಯೋ ತಮ್ಮಾ" ಅಂದಳು. ನಾಗಪ್ಪನಿಗೆ ಎರೆದು ಉಳಿದ ಹಾಲು ಮೋಟ್ಯಾನ ಪಾಲಾಯಿತು.

ಮೊಮ್ಮಕ್ಕಳೇ, ಹುಬ್ಬಳ್ಳಿಯ ನಿಮ್ಮ ಮನೆಯ ನಾಯಿಗೆ ಮೆತ್ತನೆಯ ಹಾಸಿಗೆಯಿದೆ, ಪೊಟ್ಟಣದ ಊಟವಿದೆ, ಕೂದಲು ಬಾಚಲು ಬ್ರಷ್ಷಿದೆ. ನನ್ನ ಅಜ್ಜಿ ಇದ್ದಿದ್ದರೆ ಆ ಬ್ರಷ್ಷು ನೋಡಿ ನಗುತ್ತಿದ್ದಳು. ಅದು ಸೋಫಾ ಕೆದರಿ ಹರಿದುಹಾಕಿತೆಂದು ಮೊನ್ನೆ ನಿಮ್ಮಮ್ಮ ಫೋನಿನಲ್ಲಿ ಗೊಣಗಿದಳು. ಪಾಪ, ಮೂರನೇ ಮಹಡಿಯಲ್ಲಿ ಅದಕ್ಕೆ ಮಣ್ಣೆಲ್ಲಿ ಸಿಗಬೇಕು? ಹಬ್ಬಕ್ಕೆ ಬರುವಾಗ ಅದನ್ನೂ ಕರೆತನ್ನಿ. ಈಗ ನಮ್ಮ ಅಂಗಳಕ್ಕೂ ಕಲ್ಲು ಹಾಸುತ್ತಿದ್ದಾರೆ. ಒಂದು ಮೂಲೆಯನ್ನು ಹಾಗೇ ಬಿಡಲು ಹೇಳಿದ್ದೇನೆ. ಪಂಚಮಿಯ ದಿನವಾದರೂ ಸರಿ, ಕೆದರಲಿ.