ಟ್ರ್ಯಾಕ್ಟರಿನ ಹಿಂದಿನ ತೂಕ

ಅಣ್ಣನ ಮೇಲೆ ಮಗುಚಿಬಿದ್ದ ಟ್ರ್ಯಾಕ್ಟರನ್ನು ನಾನು ಮತ್ತೆ ಸ್ಟಾರ್ಟ್ ಮಾಡಿದ್ದು ಅವನು ಸತ್ತ ಮೂರು ತಿಂಗಳಿಗೆ. ಅದೇನೋ ದೊಡ್ಡ ಧೈರ್ಯ ಅಂತ ಯಾರೂ ತಿಳಿಯಬಾರದು. ಆಗ ನನಗೆ ಧೈರ್ಯವೂ ಇರಲಿಲ್ಲ, ಭಯವೂ ಇರಲಿಲ್ಲ, ಹಸಿವೂ ಅಷ್ಟಕ್ಕಷ್ಟೆ. ಕ್ಯಾತ್ಸಂದ್ರದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತ ನಾನು. ದಿನಾ ಹೋಗಿ ಫಾರಂಗಳಿಗೆ ಸೀಲು ಒತ್ತಿ, ಸಂಜೆ ತುಮಕೂರಿನ ಸದಾಶಿವನಗರದ ಮನೆಗೆ ಬಂದು ಟೀವಿ ಮುಂದೆ ಕೂರುತ್ತಿದ್ದೆ. ಅಣ್ಣನನ್ನು ಮಣ್ಣು ಮಾಡಿದ ದಿನವೂ ಅಳು ಬರಲಿಲ್ಲ. ಹನ್ನೊಂದನೇ ದಿನದ ತಿಥಿಯಲ್ಲಿ ಎಲೆ ಸಾಲುತ್ತೋ ಇಲ್ಲವೋ ಅಂತ ಓಡಾಡಿದ್ದೊಂದೇ ನೆನಪು. ಅದನ್ನು ನೋಡಿದ ನಮ್ಮ ಸೋದರತ್ತೆ, "ಇವ್ನ ಎದೇಲಿ ಏನೈತೋ ಕಾಣೆ ಕಣವ್ವ, ಒಂದ್ ತೊಟ್ಟು ನೀರಿಲ್ಲ ಕಣ್ಣಲ್ಲಿ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಬೇಜಾರು ಕೂಡ ಆಗಲಿಲ್ಲ.

ನಡೆದದ್ದು ಇಷ್ಟು. ಅಮೃತೂರಿನ ಹತ್ತಿರ ನಮ್ಮ ತೆಂಗಿನ ತೋಟ. ಅಲ್ಲಿ ಅಣ್ಣನೂ ಅತ್ತಿಗೆಯೂ ಇದ್ದರು. ಅಣ್ಣನ ಹತ್ತಿರ ಒಂದು ಹಳೇ ಸಣ್ಣ ಟ್ರ್ಯಾಕ್ಟರ್ ಇತ್ತು, ಅದರ ಮುಂದೆ ಮಣ್ಣೆತ್ತುವ ಬಕೆಟ್ಟಿನ ಲೋಡರ್. ಪ್ರತಿ ಬೇಸಿಗೆಯಲ್ಲೂ ಒಣಗಿದ ಕೆರೆಯಿಂದ ಗೋಡು, ಅಂದರೆ ಕೆರೆಯ ಹೂಳು, ತರಿಸಿ ತೋಟದ ತುದಿಯಲ್ಲಿ ಗುಡ್ಡೆ ಹಾಕಿಸುವನು. ಆಮೇಲೆ ಈ ಲೋಡರಿನಲ್ಲಿ ಎತ್ತಿ ಒಂದೊಂದೇ ಮರದ ಬುಡಕ್ಕೆ ಹಾಕುವನು. ಅವತ್ತು ಬಕೆಟ್ ತುಂಬಿ ಮೇಲಕ್ಕೆತ್ತಿಕೊಂಡೇ ಬದು ಇಳಿಯಲು ಹೋಗಿದ್ದಾನೆ. ಗಾಡಿ ಪಕ್ಕಕ್ಕೆ ಉರುಳಿತು. ತೋಟದಲ್ಲಿ ಅವನೊಬ್ಬನೇ. ಅತ್ತಿಗೆ ತುಮಕೂರಿನಲ್ಲಿ ನಮ್ಮ ಮನೆಯಲ್ಲಿದ್ದರು. ನನ್ನ ಮಗಳ ನಿಶ್ಚಿತಾರ್ಥಕ್ಕೆ ಹೋಳಿಗೆಗೆ ಕಣಕ ಕಲಸಲು ಅವರ ಕೈಯೇ ಆಗಬೇಕು ಅಂತ, ಎರಡು ದಿನ ಮುಂಚೆಯೇ ಬನ್ನಿ ಎಂದು ಫೋನು ಮಾಡಿ ಕರೆಸಿಕೊಂಡವನು ನಾನೇ.

ತಿಥಿಯ ದಿನ ಅತ್ತಿಗೆ ಒಂದೇ ಮಾತು ಹೇಳಿದರು. "ನಾನಿದ್ದಿದ್ರೆ ಹಿಂಗಾಗ್ತಿರ್ನಿಲ್ಲ. ನಾನೇ ಕೊಂದೆ." ಗಂಡ ಸತ್ತಾಗ ಎಲ್ಲ ಹೆಂಗಸರೂ ಹೇಳುವ ಮಾತು ಅಂತ ನಾವು ಅದನ್ನು ಅಲ್ಲೇ ಬಿಟ್ಟೆವು. ಯಾಕೆ ಹಾಗಂತೀರಿ ಅಂತ ಯಾರೂ ಕೇಳಲಿಲ್ಲ. ಆಮೇಲೆ ಅವರು ಉಣ್ಣುವುದನ್ನೇ ಕಡಿಮೆ ಮಾಡಿದರು. ನಾನು ಭಾನುವಾರ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಪ್ರೈವೇಟ್ ಬಸ್ಸು ಹಿಡಿದು ತೋಟಕ್ಕೆ ಹೋದರೆ, ಜಗುಲಿಯಲ್ಲಿ ಕೂತು ಆ ಗೋಡಿನ ಗುಡ್ಡೆಯನ್ನೇ ನೋಡುತ್ತಿರುತ್ತಿದ್ದರು. ವಾರ ವಾರಕ್ಕೂ ಇಳಿದು ಹೋಗುತ್ತಿದ್ದರು. ಇವರೂ ಕೈಬಿಟ್ಟು ಹೋಗುತ್ತಾರೆ ಅನ್ನುವುದು ನನಗೆ ಗೊತ್ತಾಗುತ್ತಿತ್ತು. ಗೊತ್ತಾದರೂ ಒಳಗೆ ಏನೂ ಅಲುಗುತ್ತಿರಲಿಲ್ಲ.

ಒಂದು ಭಾನುವಾರ ಅವರೇ ಬಾಯಿಬಿಟ್ಟರು. "ಮಳೆ ಹಿಡ್ಕೊಂಡ್ರೆ ಗೋಡೆಲ್ಲ ಕೊಚ್ಕೊಂಡು ಹೋಯ್ತದೆ. ಮರದ ಬುಡಕ್ಕೆ ಹಾಕ್ಬುಡು ಕಣಪ್ಪ."

"ಜೆಸಿಬಿ ಕರೆಸ್ತೀನಿ ಬುಡಿ ಅತ್ತಿಗೆ, ಒಂದ್ ಗಂಟೆ ಕೆಲ್ಸ."

"ಅಷ್ಟ್ ದೊಡ್ಡದು ಮರದ ಸಾಲಲ್ಲಿ ತೂರಲ್ಲ. ಬೇರುಗಳ್ನೆಲ್ಲ ಕಿತ್ತಾಕ್ತದೆ. ನಿಮ್ಮಣ್ಣನ ಗಾಡೀಲೇ ಹಾಕು."

ಸರಿ ಅಂದೆ. ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಿ ಶೆಡ್ಡಿಗೆ ತಳ್ಳಿದ್ದ ಗಾಡಿ. ಒಂದು ಕಡೆ ಮಡ್‌ಗಾರ್ಡ್ ಚಪ್ಪಟೆಯಾಗಿತ್ತು, ಅಷ್ಟೆ. ಬ್ಯಾಟರಿ ಚಾರ್ಜ್ ಮಾಡಿಸಿ, ಆಯಿಲ್ ನೋಡಿ ಕೀ ತಿರುಗಿಸಿದರೆ ಮೂರನೇ ಸಲಕ್ಕೆ ಹೊಗೆ ಕಕ್ಕಿಕೊಂಡು ಎದ್ದಿತು. ನಾಚಿಕೆಗೆಟ್ಟದ್ದು ಅಂತ ಬೈದುಕೊಂಡೆ. ಸದ್ದು ಕೇಳಿ ಅಕ್ಕಪಕ್ಕದ ತೋಟದವರು ಬಂದು ನಿಂತರು. ಒಬ್ಬ ಗೇರಿನ ವಿಷಯ ಹೇಳಿದ, ಇನ್ನೊಬ್ಬ ಹೈಡ್ರಾಲಿಕ್ ಬಗ್ಗೆ ಹೇಳಿದ, ಮೂರನೆಯವನು ಮಾರಿಬಿಡು ಅಂದ. ನಮ್ಮ ಕಡೆ ಕೈ ಹಾಕುವವರಿಗಿಂತ ಬಾಯಿ ಹಾಕುವವರೇ ಜಾಸ್ತಿ. ಗುಡ್ಡೆಗೆ ಬಕೆಟ್ ತಿವಿದು ಲಿವರ್ ಎಳೆದೆ. ಬಕೆಟ್ ಮೇಲೆ ಬರುವ ಬದಲು ನನ್ನ ಸೀಟೇ ಮೇಲಕ್ಕೆ ಬಂತು. ಹಿಂದಿನ ಗಾಲಿಗಳು ನೆಲ ಬಿಟ್ಟು, ಗಾಡಿ ಒಂದು ಕಡೆಗೆ ವಾಲಿತು. ಬಾಯಿ ಹಾಕುತ್ತಿದ್ದವರೆಲ್ಲ ಒಟ್ಟಿಗೆ ಕೂಗಿಕೊಂಡರು. ನಾನು ಲಿವರ್ ಇಳಿಸಿದೆ. ಎದೆ ಹೊಡೆದುಕೊಳ್ಳಬೇಕಿತ್ತು, ಅದೂ ಆಗಲಿಲ್ಲ.

"ಅಣ್ಣ ಹಿಂದೆ ಏನ್ ತೂಕ ಕಟ್ತಿದ್ದ ಅತ್ತಿಗೆ?" ಅಂತ ಕೇಳಿದೆ. ಅತ್ತಿಗೆ ನನ್ನ ಮುಖ ನೋಡಿ ಒಳಗೆ ಹೋದರು.

ಆ ಲೋಡರ್ ಕೂರಿಸಿಕೊಟ್ಟಿದ್ದು ಗುಬ್ಬಿಯ ಒಬ್ಬ ವಯಸ್ಸಾದ ಸಾಬರು. ರಸ್ತೆ ಬದಿಯಲ್ಲೇ ಅವರ ವೆಲ್ಡಿಂಗ್ ಅಂಗಡಿ. ಮಾರನೇ ದಿನ ರಜೆ ಹಾಕಿ ಹೋದೆ. ಅಣ್ಣ ಹೋದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಕೇಳಿದವರೇ ಕೈಯಲ್ಲಿದ್ದ ವೆಲ್ಡಿಂಗ್ ರಾಡು ಕೆಳಗಿಟ್ಟು, "ಯಾ ಅಲ್ಲಾ" ಅಂತ ಕೂತುಬಿಟ್ಟರು. ಟೀ ತರಿಸಿದರು. ಆಮೇಲೆ ನಾನು ಕೇಳದೆಯೇ ಶುರು ಮಾಡಿದರು.

"ಸಣ್ಣ ಗಾಡಿ ಸಾರ್ ಅದು. ಮುಂದೆ ಅಷ್ಟು ಭಾರ ಎತ್ಬೇಕಾದ್ರೆ ಹಿಂದೆ ಕಲ್ಲು ತುಂಬಿದ ಪೆಟ್ಟಿಗೆ ಬೇಕೇ ಬೇಕು. ಮಾಡ್ಕೊಡ್ತೀನಿ ಅಂತ ಎಷ್ಟ್ ಸಲ ಬಡ್ಕೊಂಡೆ ನಿಮ್ಮಣ್ಣಂಗೆ. 'ಬೇಡ ಸಾಬ್ರೆ, ನಮ್ಮನೆಯೋರು ನಿಂತ್ಕೋತಾರೆ' ಅಂತಿದ್ರು."

"ಎಲ್ಲಿ ನಿಂತ್ಕೋತಾರೆ?"

"ಹಿಂದೆ. ನೇಗಿಲು ಸಿಕ್ಕಿಸೋ ಸರಳಿಗೆ ಹಲಗೆ ಕಟ್ಟಿರ್ಲಿಲ್ವಾ? ಅದ್ರ ಮೇಲೆ."

ಹಲಗೆ ನಾನು ನೋಡಿದ್ದೆ. ಹುಲ್ಲು ಹೇರುವುದಕ್ಕೆ ಇರಬೇಕು ಅಂದುಕೊಂಡಿದ್ದೆ. ನಮ್ಮ ಕಡೆ ಇದೇನು ಹೊಸದಲ್ಲ. ಗಾಡಿ ಹಿಂದೆ ಹಗುರವಾದರೆ ಹತ್ತಿರ ಇರುವ ಇಬ್ಬರನ್ನು ಕರೆದು ಹತ್ತಿಸುತ್ತಾರೆ. ಆದರೆ ಲೋಡರ್ ತಂದಾಗಿನಿಂದ ಹದಿನೈದು ವರ್ಷ, ಬೇಸಿಗೆ ಬೇಸಿಗೆಗೂ, ಅತ್ತಿಗೆ ಅಲ್ಲಿ ನಿಂತಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ನಾನು ಊರಿಗೆ ಹೋಗುತ್ತಿದ್ದುದೇ ಎಳನೀರು ಕುಡಿಯುವುದಕ್ಕೆ.

"ನಿಮ್ಮತ್ತಿಗೆ ಎಷ್ಟಿದ್ದಾರು ಸಾರ್, ಐವತ್ತು ಕೆಜಿ?" ಅಂದರು ಸಾಬರು. "ಬೇಕಾಗಿರೋದು ಮುನ್ನೂರು. ಆಯಮ್ಮ ನಿಂತ್ರೂ ಒಂದೇ, ಬಿಟ್ರೂ ಒಂದೇ. ಬಕೆಟ್ ತುಂಬಿ ಬದು ಇಳಿಸಿದ್ರೆ ಆಯಮ್ಮನೂ ಜೊತೆಗೆ ಹೋಗ್ತಿದ್ರು."

ನನ್ನ ಮೈಯೆಲ್ಲ ಹಗುರವಾಯಿತು. ಇದನ್ನು ಅತ್ತಿಗೆಗೆ ಹೇಳಿದರೆ ಸಾಕು, ಅವರು ಬದುಕಿಕೊಳ್ಳುತ್ತಾರೆ ಅನ್ನಿಸಿತು. ಅಷ್ಟಕ್ಕೇ ಎದ್ದು ಬರಬೇಕಿತ್ತು. ಸಾಬರು ಟೀ ಲೋಟ ಕೆಳಗಿಟ್ಟು ಇನ್ನೊಂದು ಮಾತು ಸೇರಿಸಿದರು.

"ಇದನ್ನ ನಿಮ್ಮಣ್ಣಂಗೂ ಹೇಳಿದ್ದೆ. ನಕ್ರು. 'ಗೊತ್ತು ಸಾಬ್ರೆ. ತೂಕಕ್ಕಲ್ಲ. ಅವ್ಳು ಹಿಂದೆ ನಿಂತಿದ್ರೆ ಅರ್ಧ ಬಕೆಟ್‌ಗಿಂತ ಜಾಸ್ತಿ ಎತ್ತಕ್ಕೆ ನಂಗೆ ಮನಸ್ಸೇ ಬರಲ್ಲ. ಒಬ್ನೇ ಇದ್ರೆ ನಾನು ದುಡುಕು ಮುಂಡೇದು' ಅಂದ್ರು."

ಪೆಟ್ಟಿಗೆ ಮಾಡಲು ಹೇಳಿ ಬಸ್ಸು ಹತ್ತಿದೆ. ಗುಬ್ಬಿಯಿಂದ ತುಮಕೂರಿನವರೆಗೂ ಒಂದೇ ಯೋಚನೆ. ಸಾಬರ ಮೊದಲನೇ ಮಾತು ಅತ್ತಿಗೆಯನ್ನು ಬಿಡಿಸುತ್ತದೆ, ಎರಡನೆಯದು ಮತ್ತೆ ಕಟ್ಟಿಹಾಕುತ್ತದೆ. ಮೊದಲನೆಯದನ್ನು ಮಾತ್ರ ಹೇಳುವುದು, ಎರಡನೆಯದನ್ನು ನುಂಗಿಬಿಡುವುದು ಅಂತ ತೀರ್ಮಾನಿಸಿದೆ. ಮೂರು ತಿಂಗಳಲ್ಲಿ ನಾನು ಮಾಡಿದ ಮೊದಲನೇ ತೀರ್ಮಾನ ಅದು. ಸುಳ್ಳಂತೂ ಅಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಮುಂದಿನ ಭಾನುವಾರ ಪೆಟ್ಟಿಗೆಯನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ತೋಟಕ್ಕೆ ಹೋದೆ. ಹಲಗೆ ಬಿಚ್ಚಿ, ಅದರ ಜಾಗದಲ್ಲಿ ಪೆಟ್ಟಿಗೆ ಸಿಕ್ಕಿಸಿ ಪಿನ್ನು ಹಾಕಿದೆ. ಬದುವಿನ ಕಲ್ಲುಗಳನ್ನು ಆಯ್ದು ತುಂಬತೊಡಗಿದೆ. ಕರೆಯದಿದ್ದರೂ ಅತ್ತಿಗೆ ಬಂದು ಕಲ್ಲು ಕೊಡಲು ನಿಂತರು. ಪೆಟ್ಟಿಗೆ ತುಂಬಿದ ಮೇಲೆ ಒಂದು ಬಕೆಟ್ ಎತ್ತಿ ನೋಡಿದೆ. ಹಿಂದಿನ ಗಾಲಿ ಕದಲಲಿಲ್ಲ. ಎಂಜಿನ್ ಆಫ್ ಮಾಡಿ ಕೆಳಗಿಳಿದೆ.

"ಅತ್ತಿಗೆ, ನೀವು ಹಿಂದೆ ನಿಂತ್ಕೋತಿದ್ದ ವಿಷ್ಯ ಸಾಬ್ರು ಹೇಳಿದ್ರು. ಮುನ್ನೂರು ಕೆಜಿ ಬೇಕಂತೆ. ನೀವಿದ್ದಿದ್ರೂ ಗಾಡಿ ಬೀಳ್ತಿತ್ತಂತೆ. ನಿಮ್ಮ ತೂಕದಿಂದ ಏನೂ ಆಗ್ತಿರ್ಲಿಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ."

"ಹಂಗಂದ್ರಾ?"

"ಹೂಂ."

"ಅಷ್ಟೇ ಅಂದ್ರಾ?"

"ಅಷ್ಟೇ."

ಅತ್ತಿಗೆ ಕೈಯ ಮಣ್ಣು ಒರೆಸಿಕೊಂಡರು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. "ನನ್ ತೂಕ ಎಷ್ಟು ಅಂತ ನಂಗೊತ್ತಿಲ್ವೇನಪ್ಪ? ಒಂದ್ ಮೂಟೆ ರಾಗಿ ಆಗಲ್ಲ ನಾನು. ತೂಕಕ್ಕೆ ಅಂತ ನಿಮ್ಮಣ್ಣ ಹತ್ತುಸ್ಕೊಂಡ್ರು. ನಾನು ತೂಕಕ್ಕೆ ನಿಂತಿದ್ದಲ್ಲ. ನಾನಿಲ್ದಿದ್ರೆ ಬಕೆಟ್ ತುಂಬ್ಕೊಂಡು ಜೋರಾಗಿ ಓಡಿಸ್ತಾರೆ ಅಂತ ನಿಂತಿದ್ದೆ."

ಅಣ್ಣ ಅವರಿಗೆ ಹೇಳಿರಲಿಲ್ಲ, ಅವರು ಅಣ್ಣನಿಗೆ ಹೇಳಿರಲಿಲ್ಲ. ಇಬ್ಬರೂ ಅದೇ ಕಾರಣಕ್ಕೆ ಹದಿನೈದು ವರ್ಷ ಒಂದೇ ಗಾಡಿಯ ಮೇಲೆ ಹೋಗಿದ್ದರು.

"ನಿಮ್ಮನೇಗೆ ಹೊರಟ ದಿನ, ನಾ ಬರೋಗಂಟ ಗೋಡು ಮುಟ್ಬ್ಯಾಡಿ ಅಂತ ಹೇಳ್ಬೇಕು ಅಂದ್ಕೊಂಡಿದ್ದೆ," ಅಂದರು. "ಅಷ್ಟ್ರಲ್ಲಿ ಬಸ್ ಬಂದ್ಬುಡ್ತು. ಹತ್ಬುಟ್ಟೆ."

ನನ್ನ ಕಣ್ಣಲ್ಲಿ ನೀರು ಬಂತು. ಮೂರು ತಿಂಗಳು ಎಲ್ಲಿತ್ತೋ. ಗಾಲಿಗೆ ಒರಗಿ ನಿಂತು, ಯಾರೂ ಕೇಳದಿದ್ದ, ನಾನೂ ಆಡದಿದ್ದ ಮಾತನ್ನು ಆಡಿದೆ.

"ನಿಮ್ಮನ್ನ ಕರೆಸಿದೋನು ನಾನು ಅತ್ತಿಗೆ."

ಇಲ್ಲ ಕಣಪ್ಪ, ನಿಂದೇನು ತಪ್ಪು ಅನ್ನುತ್ತಾರೆ ಅಂತ ಕಾದೆ.

"ಹೂಂ," ಅಂದರು ಅತ್ತಿಗೆ. "ನೀನೇ ಕರೆಸಿದ್ದು." ಆಮೇಲೆ ಗುಡ್ಡೆಯ ಕಡೆಗೆ ನಡೆದು, ಟ್ರ್ಯಾಕ್ಟರಿಗೆ ಹತ್ತು ಹೆಜ್ಜೆ ಮುಂದೆ, ನನಗೆ ಕಾಣುವ ಹಾಗೆ ನಿಂತರು. "ಗಾಡಿ ಹತ್ತು. ನಾನ್ ಇಲ್ಲೇ ಇರ್ತೀನಿ."