ಮಾಳಮ್ಮ ಸರಿಸಿಟ್ಟ ಪುಸ್ತಕಗಳು

ನಿನ್ನೆ ಮುಂಜಾನೆ ರೂಪಾ ಚಹಾದ ಗ್ಲಾಸು ಇಟ್ಟದ್ದು ಯಾವುದರ ಮೇಲೆ ಅಂತೀರಿ? ವಿಶ್ವವಿದ್ಯಾಲಯದ ಪ್ರವೇಶ ಕೈಪಿಡಿಯ ಮೇಲೆ. ಗ್ಲಾಸು ಎತ್ತಿದಾಗ "ಮಾಹಿತಿ ಅಧ್ಯಯನ ಶಾಲೆ" ಎಂಬ ಅಕ್ಷರಗಳ ಸುತ್ತ ಕಂದು ಬಣ್ಣದ ಬಳೆಯೊಂದು ಮೂಡಿತ್ತು. ನಾನು ಸೆರಗಿನಿಂದ ಒರೆಸಿದೆ.

"ಬಿಡಜ್ಜಿ, ಅದು ಕೊನೀ ಆಪ್ಶನ್. ಎಲ್ಲೂ ಸೀಟ್ ಸಿಗಲಿಲ್ಲಂದ್ರ ಅದು ಇದ್ದೇ ಅದ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಈ "ಇದ್ದೇ ಅದ" ಎಂಬ ಮಾತನ್ನು ನೌಕರಿಯ ಉದ್ದಕ್ಕೂ ಕೇಳಿದವಳು ನಾನು. ರೂಪಾ ಒಬ್ಬಳೇ ಅಲ್ಲ, ಮೊಮ್ಮಕ್ಕಳೇ, ನೀವೆಲ್ಲರೂ ಹೀಗೆಯೇ ಅನ್ನುವವರು. ಅದಕ್ಕೇ ಬರೆಯುತ್ತಿದ್ದೇನೆ. ಎದುರಿಗೆ ಹೇಳಲು ನನಗೆ ಬಾಯಿಲ್ಲ.

ಬಾಯಿಲ್ಲದ್ದು ಮೊದಲಿನಿಂದಲೂ. ನೀರಮಾನ್ವಿಯ ಶಾಲೆಯಲ್ಲಿ ಮಾಸ್ತರು ಹೆಸರು ಕರೆದಾಗ "ಹಾಜರ್ ರೀ" ಎನ್ನುವಷ್ಟು ದನಿಯೂ ನನಗೆ ಹೊರಡುತ್ತಿರಲಿಲ್ಲ. ಪಕ್ಕದ ಹುಡುಗಿ ನನ್ನ ಪರವಾಗಿ ಕೂಗುತ್ತಿದ್ದಳು. ಆಕೆಗೆ ಜ್ವರ ಬಂದರೆ ಪುಸ್ತಕದಲ್ಲಿ ನಾನೂ ಗೈರುಹಾಜರಿ. ಹಾಗೆಯೇ ಏಳನೆಯ ಇಯತ್ತೆ ಮುಗಿಸಿದೆ. ಮುಂದೆ ನಿಮ್ಮ ಅಜ್ಜ ತೀರಿಕೊಂಡು, ಅವರ ನೌಕರಿ ನನಗೆ ಬಂದು, ರಾಯಚೂರಿನಲ್ಲಿ ರೂಪಾ ಗ್ಲಾಸು ಇಟ್ಟಳಲ್ಲ, ಅದೇ ವಿಭಾಗದ ಅಟೆಂಡರ್ ಆದೆ. ಬಾಯಿ ಸತ್ತವಳನ್ನು ಸದ್ದು ಮಾಡಬಾರದ ಜಾಗಕ್ಕೆ ಹಾಕಿದರು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು?

ಆಗ ಬಾಗಿಲ ಮೇಲೆ "ಗ್ರಂಥಾಲಯ ವಿಜ್ಞಾನ ವಿಭಾಗ" ಎಂದಿತ್ತು. ಕೆಲವು ವರ್ಷಕ್ಕೆ ನಡುವೆ "ಮಾಹಿತಿ" ಎಂಬ ಶಬ್ದ ಬಂದು ಸೇರಿತು. ಆಮೇಲೆ ಗ್ರಂಥಾಲಯವೇ ಹೋಗಿ ಮಾಹಿತಿ ಮಾತ್ರ ಉಳಿಯಿತು. ಬೋರ್ಡು ಎರಡು ಸಲ ಬದಲಾಯಿತು, ಬಾಗಿಲಿನ ಬೀಗ ಒಂದೇ. ಯಾವ ಪದವಿ ಮುಗಿಸಿದವರೂ ಒಂದು ವರ್ಷ ಓದಿ ಬಿ.ಲಿಬ್. ಮಾಡಬಹುದಿತ್ತು, ಇನ್ನೊಂದು ವರ್ಷ ಓದಿದರೆ ಎಂ.ಲಿಬ್. ಈಗ ಎರಡೂ ಕೂಡಿಸಿದ ಕೋರ್ಸು ಇದೆಯಂತೆ, ಕಂಪ್ಯೂಟರಿನದು ಬೇರೆ ಇದೆಯಂತೆ. ಜನರ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಒಮ್ಮೆ ಸಿರವಾರದ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ನಮ್ಮ ವಿಭಾಗದಲ್ಲಿ ಏನು ಕಲಿಸುತ್ತಾರೆಂದು ಕೇಳಿದಳು. ಪುಸ್ತಕ ಹೊಂದಿಸಿ ಇಡುವುದನ್ನು ಎಂದೆ.

"ಪುಸ್ತಕ ಇಡಾಕ ಡಿಗ್ರಿ ಬೇಕೇನವ್ವಾ? ನಮ್ಮ ಸೊಸಿ ಅಡಗಿ ಮನಿಯಾಗ ಡಬ್ಬಿ ಇಡತಾಳ. ಆಕಿ ಏನ್ ಓದಿಬಂದಾಳ?"

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಉತ್ತರ ಹೊಳೆದದ್ದು ಮನೆಗೆ ಬಂದು ರೊಟ್ಟಿ ಬಡಿಯುವಾಗ. ನನ್ನ ಉತ್ತರಗಳೆಲ್ಲ ಹೀಗೆಯೇ, ಬಸ್ಸು ಇಳಿದ ಮೇಲೆ ಬರುತ್ತವೆ.

ಒಂದು ವರ್ಷ ದೇವದುರ್ಗದ ಕಡೆಯಿಂದ ಮಾಳಮ್ಮ ಎಂಬ ಹುಡುಗಿ ಬಿ.ಲಿಬ್. ಸೇರಿದಳು. ಕುರಿ ಕಾಯುವ ಮನೆತನ. ಬಿಡಲು ಬಂದ ಆಕೆಯ ಅಪ್ಪ ಹೆಗಲ ಕಂಬಳಿ ತೆಗೆಯದೆ ಮೆಟ್ಟಿಲ ಬಳಿ ನಿಂತು, ನಾನೇ ದೊಡ್ಡ ಅಧಿಕಾರಿ ಎಂದು ತಿಳಿದು ಕೈ ಮುಗಿದ. "ಒಂದ್ ವರ್ಷ ಬಿಟ್ಟೀನ್ರೀ. ಒಂದ್ ಪೇಪರ್ ಹೋದ್ರೂ ಬಂದು ಹಿಂಡಿನ ಹಿಂದ ನಿಂದ್ರಬೇಕು. ನನ್ನ ಕಾಲು ಮೊದಲಿನಂಗ ಇಲ್ಲ" ಎಂದ. ಮಾಳಮ್ಮ ಪಕ್ಕದಲ್ಲೇ ನಿಂತು ಹೂಂ ಎಂದಳು.

ಆ ಹುಡುಗಿ ನನಗೆ ಕೊಟ್ಟ ಕಾಟ ಯಾರೂ ಕೊಟ್ಟಿಲ್ಲ. ನಮ್ಮ ಮೇಡಮ್ಮೋರು, ಎಂದರೆ ವಿಭಾಗದ ಮುಖ್ಯಸ್ಥರು, ನನಗೆ ಕಲಿಸಿದ್ದು ಒಂದೇ ಪಾಠ: ಹೆಸರು ಓದಬೇಡ, ಬೆನ್ನ ಮೇಲಿನ ನಂಬರು ನೋಡಿ ಇಡು. ನಾನು ಹಾಗೆಯೇ ಇಡುತ್ತಿದ್ದೆ. ಮರುದಿನ ನೋಡಿದರೆ ಭತ್ತದ ಪುಸ್ತಕ ಒಕ್ಕಲುತನದ ಕಪಾಟು ಬಿಟ್ಟು ಕಾಲುವೆ ಕಟ್ಟುವವರ ಪುಸ್ತಕದ ಪಕ್ಕ ಕೂತಿರುತ್ತಿತ್ತು. ಸಂವಿಧಾನದ ಪುಸ್ತಕ ಅಂಕಗಣಿತದ ಪಕ್ಕ. ಎತ್ತಿ ಸ್ವಸ್ಥಾನಕ್ಕೆ ಇಟ್ಟರೆ ನಾಡಿದ್ದು ಮತ್ತೆ ಅಲ್ಲಿಯೇ.

"ಯಾಕ ಸರಸ್ತೀಯವ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಯವ್ವಾ, ಭತ್ತ ಓದಾವಗ ಕಾಲುವಿ ನೀರು ಬ್ಯಾಡೇನ್ರೀ? ನೌಕರಿ ಪರೀಕ್ಷಾಕ ಕೂಡೋರು ಸಂವಿಧಾನ ಒಯ್ದರ ಗಣಿತಾನೂ ಒಯ್ತಾರ. ಜೋಡಿಲೆ ಹೋಗೋವು ಜೋಡಿಲೆ ಇರಬೇಕು. ತಾಯಿ ಒಂದ್ ಕಡಿ, ಮರಿ ಒಂದ್ ಕಡಿ ಕಟ್ಟಿದ್ರ ಒದರತಾವ್ರಿ."

"ಪುಸ್ತಕ ಒದರತಾವೇನಬೇ?"

"ನಿಮಗ ಕೇಳಸಂಗಿಲ್ಲ, ಅಷ್ಟ."

ನಾಲ್ಕು ಮನೆಯ ಕುರಿ ಒಂದೇ ಹಿಂಡಿನಲ್ಲಿ ಮೇಯುವಾಗ ಯಾರದು ಯಾವುದೆಂದು ಕಿವಿಯ ಗುರುತಿನಿಂದ ಹೇಳುತ್ತಾರಲ್ಲ, ಅವರ ಮನೆಯ ಹುಡುಗಿ. ಗುರುತು ಕಿವಿಗೆ, ಮೇಯುವುದು ಎಲ್ಲಿಯಾದರೂ ಮೇಯಲಿ ಎಂಬುದು ಆಕೆಯ ಲೆಕ್ಕ. ಪುಸ್ತಕಕ್ಕೆ ನಂಬರು ಕೊಡುವ ಪ್ರಾಯೋಗಿಕ ಪರೀಕ್ಷೆ ಎದುರಿಗಿತ್ತು. ಅದರಲ್ಲಿ ಒಂದು ಪುಸ್ತಕಕ್ಕೆ ಒಂದೇ ಜಾಗ. ಮಾಳಮ್ಮ ಎಲ್ಲದಕ್ಕೂ ಎರಡೆರಡು ಬರೆಯುತ್ತಿದ್ದಳು.

ಪರೀಕ್ಷೆಗೆ ಎಂಟು ದಿನ ಇದ್ದಾಗ ನನ್ನ ತಾಳ್ಮೆ ಹರಿಯಿತು. ಇಡೀ ಒಂದು ಸಾಲು ಅದಲುಬದಲಾಗಿತ್ತು. ಹಾಜರಿ ಕೂಗಲೂ ಬಾರದ ನಾನು ನೆಟ್ಟಗೆ ಮೇಡಮ್ಮೋರ ಕೋಣೆಗೆ ಹೋಗಿ ಆಕೆಯ ಹೆಸರು ಹೇಳಿದೆ. ನೌಕರಿಯಲ್ಲಿ ಮೇಲಿನವರ ಎದುರು ನಾನಾಗಿ ಬಾಯಿ ತೆರೆದದ್ದು ಅದೇ ಮೊದಲು, ಅದೂ ಒಂದು ಬಡ ಹುಡುಗಿಯ ಮೇಲೆ ಚಾಡಿ ಹೇಳಲು. ಪರೀಕ್ಷೆಯ ತನಕ ಆಕೆ ಗ್ರಂಥಾಲಯದೊಳಗೆ ಕಾಲಿಡಬಾರದು ಎಂದು ಮೇಡಮ್ಮೋರು ಚೀಟಿ ಅಂಟಿಸಿದರು. ಯಾವ ವಿಷಯಕ್ಕೆ ಯಾವ ನಂಬರು ಎಂದು ಹೇಳುವ ದಪ್ಪ ಪುಸ್ತಕಗಳನ್ನು ಹೊರಗೆ ಒಯ್ಯುವಂತಿರಲಿಲ್ಲ. ಎಂದರೆ ಮಾಳಮ್ಮ ಅಭ್ಯಾಸವೇ ಇಲ್ಲದೆ ಪರೀಕ್ಷೆಗೆ ಕೂಡಬೇಕು. ಎಂದರೆ ಹಿಂಡಿನ ಹಿಂದೆ ನಿಲ್ಲಬೇಕು.

ಆಕೆ ಜಗಳ ಮಾಡಲಿಲ್ಲ. ಹೊರಗಿನ ಬೇವಿನ ಗಿಡದ ಕೆಳಗೆ ಕೂತು, ನೆನಪಿದ್ದ ನಂಬರುಗಳನ್ನು ಕಡ್ಡಿಯಿಂದ ಮಣ್ಣಿನಲ್ಲಿ ಬರೆದು ಅಳಿಸುತ್ತಿದ್ದಳು. ನಾನು ಕಿಟಕಿಯ ಧೂಳು ಒರೆಸುವ ನೆಪದಲ್ಲಿ ನೋಡುತ್ತಿದ್ದೆ. ಮೂರು ದಿನ ಮೇಡಮ್ಮೋರ ಬಾಗಿಲ ತನಕ ಹೋಗಿ ತಿರುಗಿ ಬಂದೆ. ಆ ಬಾಗಿಲಿನ ಹಿಡಿಕೆ ಅಷ್ಟು ಹೊಳೆದದ್ದು ಆ ಮೂರು ದಿನ ಮಾತ್ರ, ಒರೆಸಿ ಒರೆಸಿ.

ನಾಲ್ಕನೆಯ ದಿನ ಒಳಗೆ ಹೋದೆ. ಕ್ಷಮಿಸಿ ಎನ್ನಬೇಕೆಂದು ಹೋದವಳು, ಸಿಟ್ಟಿನ ಹೊರತು ದನಿಯೇ ಬರಲೊಲ್ಲದು. "ಆಕಿ ಭಾಳ ಹಟಮಾರಿ ಅದಾಳ್ರಿ. ಹೇಳಿದ್ದು ಕೇಳಂಗಿಲ್ಲ. ನಾ ಕೂಡ್ರು ಅಂದ್ರ ನಿಂದರತಾಳ. ಹುಡುಗುರು ಬಂದು ಪುಸ್ತಕ ಕೇಳಿದ್ರ ನಾ ನಂಬರ್ ಹುಡುಕೂದರಾಗ ಆಕಿ ಎರಡು ತಂದು ಕೈಯಾಗ ಇಡತಾಳ. ಈಗ ಮೂರು ದಿನದಿಂದ ಅವರು ಆಕಿನ್ನ ಕೇಳಾಕತ್ಯಾರ, ನನ್ನ ಕೇಳವಲ್ಲರು. ನಾ ಏನ್ ಹೇಳ್ಲಿ?"

ಮೇಡಮ್ಮೋರು ಕನ್ನಡಕ ತೆಗೆದು ನೋಡಿದರು. "ನೀವು ಆಕಿನ್ನ ಬೈಯಾಕ ಬಂದೀರೋ, ಹೊಗಳಾಕ ಬಂದೀರೋ?"

"ನನಗೂ ತಿಳಿವಲ್ದು ರೀ" ಎಂದೆ. ಅದು ಖರೆ ಮಾತು.

ಚೀಟಿ ಹರಿದರು. ಉಳಿದ ದಿನಗಳಲ್ಲಿ ಮಾಳಮ್ಮ ಕೂತು ಬರೆದಳು, ಎರಡನೆಯ ಜಾಗ ಬರೆಯಲು ಕೈ ಹೋದಾಗಲೆಲ್ಲ ನಾನು ಮೇಜು ಕುಟ್ಟಿದೆ. ದಡ ಮುಟ್ಟುವಷ್ಟು ಅಂಕದಲ್ಲಿ ಪಾಸಾದಳು. ಈಗ ದೇವದುರ್ಗದ ಹತ್ತಿರದ ಒಂದು ಹಳ್ಳಿಯ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಸಿಕ್ಕಾಗಲೆಲ್ಲ "ಒಳಗ ಬಿಡಿಸಿದ್ದು ನೀವ" ಎಂದು ಕಾಲು ಮುಟ್ಟುತ್ತಾಳೆ. ಹೊರಗೆ ಹಾಕಿಸಿದ್ದೂ ನಾನೇ ಎಂದು ಒಮ್ಮೆಯೂ ಹೇಳದೆ ಮುಟ್ಟಿಸಿಕೊಳ್ಳುತ್ತ ಬಂದಿದ್ದೇನೆ.

ಇಷ್ಟು ಬರೆದು ಇಟ್ಟಿದ್ದೆ. ರೂಪಾ ಕೇಳದೆ ತೆಗೆದುಕೊಂಡು ಓದಿದಳು. ಓದಿ, ನನ್ನ ಫೋನಿನಿಂದಲೇ ಮಾಳಮ್ಮನಿಗೆ ಹಚ್ಚಿ ನನ್ನ ಕೈಗೆ ಕೊಟ್ಟಳು. ಈ ಕಾಲದ ಮಕ್ಕಳಿಗೆ ಹೇಳುವವರು ಯಾರು!

"ಮಾಳಮ್ಮಾ, ಅವತ್ತು ಮೇಡಮ್ಮೋರಿಗೆ ನಿನ್ನ ಹೆಸರು ಹೇಳಿದಾಕಿ ನಾನ ನೋಡವ್ವಾ" ಎಂದೆ.

ಆ ಕಡೆ ಮಕ್ಕಳ ಗದ್ದಲ. "ಲೇ, ಸುಮ್ಮನ ಕೂಡ್ರಿ" ಎಂದು ಅವರನ್ನು ಗದರಿ, "ಗೊತ್ತದ್ರಿ ಯವ್ವಾ" ಎಂದಳು.

"ಗೊತ್ತದ? ಯಾವಾಗಿಂದ?"

"ಅವತ್ತಿಂದ. ಒಂದ್ ಪುಸ್ತಕ ಎರಡು ಗೇಣು ಸರದದ ಅಂತ ಆ ಬಿಲ್ಡಿಂಗಿನಾಗ ನಿಮ್ಮ ಬಿಟ್ಟು ಯಾರಿಗಿ ತಿಳೀತಿತ್ತು? ಹೇಳಿದೋರೂ ನೀವ, ಬಿಡಿಸಿದೋರೂ ನೀವ. ಬಿಡಿಸಿದ್ದಕ್ಕ ಕಾಲು ಬಿದ್ದೆ. ಹೇಳಿದ್ದಕ್ಕ ಇಷ್ಟು ವರ್ಷ ಸುಮ್ಮನಿದ್ದೆ."

ನೋಡಿದಿರಾ! ಇಷ್ಟು ವರ್ಷ ನನ್ನನ್ನು ಒಳಗೊಳಗೇ ಬೇಯಲು ಬಿಟ್ಟಿದ್ದಳು, ಹಟಮಾರಿ. ಸಿಟ್ಟು, ನಗು ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು. ರೂಪಾ ಫೋನು ಕಸಿದುಕೊಂಡು, "ಅಕ್ಕಾ, ನಾ ಒಂದಿನ ನಿಮ್ಮ ಲೈಬ್ರರಿ ನೋಡಾಕ ಬರಲೇನು?" ಎಂದಳು.

ಇಂದು ಬೆಳಿಗ್ಗೆ ಆಕೆಯನ್ನು ದೇವದುರ್ಗದ ಬಸ್ಸಿಗೆ ಹತ್ತಿಸಿ ಬಂದೆ. ಅರ್ಜಿ ಇನ್ನೂ ತುಂಬಿಲ್ಲ. ತುಂಬುವುದು, ಬಿಡುವುದು ಆಕೆಗೆ ಬಿಟ್ಟದ್ದು. ಹತ್ತಿಸುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತ ಮುದುಕನೊಬ್ಬ ಹುಡುಗಿ ಎಲ್ಲಿಗೆ ಹೊರಟಿದ್ದಾಳೆಂದು ಕೇಳಿದ. ಪುಸ್ತಕ ಇಡುವುದನ್ನು ನೋಡಲು ಎಂದೆ. "ಅದರಾಗ ನೋಡೂದೇನದ?" ಎಂದ.

"ಇಡೂದು ತಿಳಿಲಿಲ್ಲಂದ್ರ, ಇದ್ದದ್ದೂ ಸಿಗಂಗಿಲ್ಲ ಯಪ್ಪಾ" ಎಂದೆ. ಬಸ್ಸು ಇನ್ನೂ ಅಲ್ಲಿಯೇ ನಿಂತಿತ್ತು.