ನವಮಿಯ ದಿನ ಬಂದ್ ಮಾಡಿದ ಕಂಪ್ಯೂಟರ್

ಕುಮಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಎಲ್ಲರೂ ವಿಂಡೋಸ್ ಹಾಕಿಕೊಂಡಿದ್ದರೆ ನಾನು ಹಟಕ್ಕೆ ಬಿದ್ದು ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದೆ. ಕೆಟ್ಟರೆ ಕೇಳೋಣವೆಂದರೆ ಹೊನ್ನಾವರ, ಭಟ್ಕಳದವರೆಗೂ ಒಬ್ಬರಿರಲಿಲ್ಲ. ಅದರದ್ದೂ ಒಂದು ಜಂಭವಿತ್ತು ಅನ್ನಿ.

ಮನೆಗೆ ಬಸಳೆ, ಗೆಣಸು ತರುತ್ತಿದ್ದ ಅಜ್ಜಿಯೊಬ್ಬಳು ಬುಟ್ಟಿ ಇಳಿಸಿ ಚಾ ಕುಡಿದ ಮೇಲೆ ಒಂದು ಹಾಡು ಹೇಳುತ್ತಿದ್ದಳು. ಗದ್ದೆಯಲ್ಲಿ ಸಸಿ ನೆಡುವಾಗಿನ ನೆಟ್ಟಿ ಹಾಡು, ಮದುವೆ ಹಾಡು, ಹೀಗೆ. ನಾನು ಟೇಪ್ ಮಾಡಿ ಕಂಪ್ಯೂಟರಿಗೆ ಹಾಕಿಕೊಂಡು, ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನ ಹಾಡು ತುಂಬಿಸುತ್ತಿದ್ದೆ. ನನ್ನ ಜಿಪುಣತನ. ಹಾಗಾಗಿ ಹಾಡುಗಳೆಲ್ಲ ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ಒಂದು ಮಳೆಗಾಲ ಅಜ್ಜಿಗೆ ಲಕ್ವ ಹೊಡೆದು ಹಾಡು ನಿಂತಿತು, ಮಾತೂ ತೊದಲಾಯಿತು. ಮೊಮ್ಮಗಳು ಬಂದು, "ನಂಗೆ ಒಂದ್ ಹಾಡೂ ಪೂರ್ತಿ ಬರೂದಿಲ್ಲ. ನಿಮ್ಮಲ್ಲಿ ಇದ್ದದ್ದು ಕೊಡಿ, ಕಲೀತೆ" ಎಂದಳು. ದಸರಾ ಮುಗಿಯಲಿ ಎಂದೆ.

ಆಯುಧಪೂಜೆಗೆ ಜನ ಸೈಕಲ್ಲು, ಕತ್ತಿ ತೊಳೆಯುವಂತೆ ನಾನು ಕಂಪ್ಯೂಟರಿನ ಒಳಗನ್ನೂ ಚೊಕ್ಕ ಮಾಡಲು ಹೊರಟೆ. ಲಿನಕ್ಸಿಗೆ ಕರ್ನಲ್ ಅಂದರೆ ಜೀವಾಳ. ಹೊಸ ಕರ್ನಲ್ ಕೈಕೊಟ್ಟರೆ ಇರಲಿ ಎಂದು ಹಳೆಯದನ್ನೂ ಉಳಿಸಿಕೊಳ್ಳುವುದು ರೂಢಿ. ನಾನು ಹುರುಪಿನಲ್ಲಿ ಹಳೆಯದನ್ನು ಅಳಿಸಿ, ಹೊಸದರ ಅಪ್‌ಡೇಟ್ ಹಚ್ಚಿ ಸ್ನಾನಕ್ಕೆ ಹೋದೆ. ಬಂದು ನೋಡುವಾಗ ಮಾನಿಟರ್ ಕಪ್ಪು, ಅದರ ಹಣೆಗೆ ಕುಂಕುಮ, ತಲೆಗೆ ಚೆಂಡುಹೂವು.

"ಅದು ಓಡ್ತೇ ಇತ್ತು. ಓಡೂ ಆಯುಧಕ್ಕೆ ಪೂಜೆ ಮಾಡೂಕೆ ಆತದ್ಯ? ಬಂದ್ ಮಾಡ್ದೆ" ಎಂದಳು ಅಮ್ಮ.

ಅಪ್‌ಡೇಟ್ ಅರ್ಧಕ್ಕೆ ನಿಂತಿತ್ತು, ಹಳೆಯ ಕರ್ನಲ್ಲೂ ಇರಲಿಲ್ಲ. ಪೂಜೆಗಿಟ್ಟದ್ದನ್ನು ದಶಮಿಯವರೆಗೆ ಮುಟ್ಟುವಂತಿಲ್ಲ. ಅಮ್ಮನ ಮೇಲೆ ರೇಗಿದೆ, ಪಾಯಸವನ್ನೂ ಬಿಟ್ಟೆ. ನಿಜಕ್ಕೂ ರೇಗಬೇಕಾದ್ದು ನನ್ನ ಮೇಲೆ ಎಂದು ಗೊತ್ತಿತ್ತು.

ದಶಮಿ ಬೆಳಿಗ್ಗೆ ಸ್ವಿಚ್ ಒತ್ತಿದೆ. ಕರ್ನಲ್ ಪ್ಯಾನಿಕ್ ಎಂಬ ಒಂದು ಸಾಲು ಬಂದು ಎಲ್ಲ ನಿಂತಿತು. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಲೈವ್ ಸಿಡಿಯೊಂದು ನೆನಪಾಯಿತು. ಹಾರ್ಡ್ ಡಿಸ್ಕಿನ ಗೊಡವೆಯಿಲ್ಲದೆ ಅದರಿಂದಲೇ ಯಂತ್ರ ಶುರುವಾಗುತ್ತದೆ. ಹಾಗೆ ಶುರುಮಾಡಿ, ಮೊದಲು ಡಿಸ್ಕ್ ತಪಾಸಣೆಗೆ ಬಿಟ್ಟೆ. ಅದು ಮುಗಿಯುವವರೆಗೆ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ಡಿಸ್ಕಿನೊಳಗೆ ಹೊಕ್ಕು, ಅರ್ಧಕ್ಕೆ ನಿಂತಿದ್ದ ಅಪ್‌ಡೇಟನ್ನು ಮುಂದುವರಿಸು ಎಂದು ಆಜ್ಞೆ ಕೊಟ್ಟೆ. ಸಾಲುಗಳು ಓಡಿದವು. ಸಿಡಿ ತೆಗೆದು ಮತ್ತೆ ಸ್ವಿಚ್ ಒತ್ತಿದರೆ ಯಂತ್ರ ತಾನಾಗಿ ಎದ್ದಿತು. ಮೊದಲು ಸಿಕ್ಕಿದ ಹಾಡು ತೆರೆದೆ. ಅಜ್ಜಿ ಕೆಮ್ಮಿದಳು, ಆಮೇಲೆ ಹಾಡಿದಳು.

"ಆತಲ?" ಎಂದಳು ಅಮ್ಮ. ಆತು ಎಂದೆ. ನನ್ನ ಕಣ್ಣು ಒದ್ದೆಯಾಗಿತ್ತು.

ಹಾಡುಗಳನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಸಿ, ಟೇಪ್ ರೆಕಾರ್ಡರ್ ಹೊತ್ತು ಅಜ್ಜಿಯ ಮನೆಗೆ ಹೋದೆ. ಅಜ್ಜಿ ಗೋಡೆಗೊರಗಿ ತನ್ನದೇ ದನಿ ಕೇಳಿದಳು. ಮೂರನೆಯ ಹಾಡಿನ ನಡುವೆ ಅವಳ ಎಡಗೈ ಮೇಲೆದ್ದಿತು. ನಿಲ್ಲಿಸಿದೆ. ತೊದಲುತ್ತ ಏನೋ ಹೇಳಿದಳು. ಮೊಮ್ಮಗಳು ಬಾಗಿ ಕಿವಿಗೊಟ್ಟು ನಕ್ಕಳು.

"ಹಾಡೂವಾಗ ಅಲ್ಲೊಂದ್ ಸಾಲು ಬಿಟ್ಟಿದ್ದೆ ಅಂತಾಳೆ."

ಅಜ್ಜಿಯಿಂದ ಮತ್ತೆ ಮತ್ತೆ ಹೇಳಿಸಿಕೊಂಡು ಮೊಮ್ಮಗಳು ಆ ಸಾಲನ್ನು ಸಣ್ಣಗೆ ಹಾಡಿದಳು. ಅಜ್ಜಿ ತಲೆಯಾಡಿಸಿ, ಮೊದಲಿಂದ ಹಾಡು ಎಂಬಂತೆ ಕೈ ಮಾಡಿದಳು. ನಾನು ಚೀಲದಿಂದ ಹೊಸ ಕ್ಯಾಸೆಟ್ ತೆಗೆದೆ.